ಟೊಂಕದ ಕೆಳಗಿನ ಕೀಲು

ನೋವೆಲ್ಲಿ ಎಂದು ವೈದ್ಯರು ಕೇಳಿದಾಗ ಟೊಂಕವೆಂದೆ. ಒಂದೇ ಬೆರಳಿನಿಂದ ತೋರಿಸಿರೆಂದರು. ಬೆರಳು ಧೋತರದ ಕಟ್ಟಿಗಿಂತಲೂ ಕೆಳಗೆ, ಬಲಬದಿಯ ಸಣ್ಣ ಕುಳಿಯ ಬಳಿ ನಿಂತಿತು. ಬೆನ್ನೆಲುಬಿನ ಬುಡದಲ್ಲಿ 5 ಮಣಿಗಳು ಬೆಸೆದು ಒಂದಾದ ತ್ರಿಕಾಸ್ಥಿಯು ಸೊಂಟದ ಎಲುಬನ್ನು ಕೂಡುವ ಕೀಲು ಅದು. ಮೇಲುಮೈಯ ಭಾರವೆಲ್ಲ ಎಡಬಲದ ಈ ಎರಡು ಕೀಲುಗಳಿಂದಲೇ ಕಾಲಿಗಿಳಿಯುತ್ತದೆ. ಚಲನೆ ಮಾತ್ರ ಅತ್ಯಲ್ಪ. 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಡಿಸ್ಕ್ ಜಾರುವುದನ್ನು ವಿವರಿಸಿದ ಬಳಿಕ ಟೊಂಕದ ನೋವೆಲ್ಲ ಅದರ ಪಾಲಾಗಿ, ಈ ಕೀಲು ಬಹುಕಾಲ ಮರವೆಗೆ ಸಂದಿತು.

ನನ್ನದು ವಯಸ್ಸಿನ ಸವೆತ. ಕುಳಿತು ಏಳುವಾಗ, ಮಗ್ಗುಲು ಬದಲಿಸುವಾಗ ಚುಚ್ಚುತ್ತಿತ್ತು. ಸೊಂಟಪಟ್ಟಿಯಿಂದಲೂ ಹೊಟ್ಟೆ, ಪೃಷ್ಠಗಳ ಸ್ನಾಯುಗಳಿಗೆ ಕಲಿಸಿಕೊಟ್ಟ ವ್ಯಾಯಾಮದಿಂದಲೂ ತಗ್ಗಿತು. ತಗ್ಗದವರಿಗೆ ಕೀಲಿನೊಳಗೆ ಚುಚ್ಚುಮದ್ದುಂಟು. ಶಸ್ತ್ರಚಿಕಿತ್ಸೆ ತೀರ ಕೊನೆಗೆ.

ಮೆಣಸಗಿಯಲ್ಲಿರುವ ನನ್ನ ತಂಗಿಯ ಮಗನ ನೋವೂ ಅದೇ ಜಾಗದ್ದು, ಆದರೆ ಜಾತಿ ಬೇರೆ. 24ರ ಹುಡುಗ. ನಸುಕಿನಲ್ಲಿ ಮುಕ್ಕಾಲು ತಾಸು ಮೈ ಬಗ್ಗದು, ಎರೆಹೊಲಕ್ಕಿಳಿದರೆ ಸಡಿಲಾಗುವುದು. “ಮಾಮಾ, ಕುಂತರ ನೋವು, ದುಡದರ ಆರಾಮ” ಎಂದ. ಯಾರೂ ನಂಬಲಿಲ್ಲ. ವಿಶ್ರಾಂತಿ ತೆಗೆದುಕೊ ಎಂದು ಎರಡು ವರ್ಷ ಉಪದೇಶಿಸಿದವರಲ್ಲಿ, ನಾಚಿಕೆಯಿಂದ ಹೇಳುತ್ತೇನೆ, ನಾನೂ ಒಬ್ಬ. ಅದು ಸವೆತವಲ್ಲ, ಉರಿಯೂತ. ದೇಹದ ರಕ್ಷಣಾವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ರೋಗ. ಅಲಕ್ಷಿಸಿದರೆ ಬೆನ್ನಿನ ಮಣಿಗಳೂ ಕಾಲಾಂತರದಲ್ಲಿ ಬೆಸೆದು ಬಾಗದಾಗಬಹುದು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದಿರುವುದುಂಟು, ಅವನದನ್ನು ಎಂ.ಆರ್.ಐ. ತೋರಿಸಿತು. 45 ವರ್ಷದೊಳಗೆ ಮೊದಲಾಗಿ, 3 ತಿಂಗಳು ಮೀರಿ, ವಿಶ್ರಾಂತಿಯಿಂದಲೇ ಹೆಚ್ಚುವ ನೋವನ್ನು ಕೀಲುರೋಗತಜ್ಞರಿಗೆ ತೋರಿಸಬೇಕು.

ಹುಡುಗ ಈಗ ಔಷಧ ತೆಗೆದುಕೊಳ್ಳುತ್ತಾನೆ. ನಸುಕಿನಲ್ಲೆದ್ದು ಮೊದಲು ವ್ಯಾಯಾಮ, ಆಮೇಲೆ ಹೊಲ.