ಗಾಲಿಯ ನಿಯಮವೂ ಪಂದ್ಯದ ಯುಕ್ತಿಯೂ

ಈ ವರ್ಷ ನಮ್ಮ ಶಾಲೆಯಲ್ಲಿ ಏರ್ಪಡಿಸಲ್ಪಟ್ಟ ವಿಜ್ಞಾನ ಪ್ರದರ್ಶನದಲ್ಲಿ ಒಂಭತ್ತನೆಯ ತರಗತಿಯ ವಿದ್ಯಾರ್ಥಿನಿಯರು ಘರ್ಷಣೆಯ ವಿಷಯವನ್ನು ವಿವರಿಸುವುದಕ್ಕಾಗಿ ಮೋಟಾರು ಪಂದ್ಯದ ಚಿತ್ರವೊಂದನ್ನು ಬರೆದು ಗೋಡೆಗೆ ತೂಗಹಾಕಿದ್ದರು. ಪಂದ್ಯದ ನಡುವೆ ಗಾಡಿಯನ್ನು ನಿಲ್ಲಿಸಿ, ಅದರ ನಾಲ್ಕು ಟಯರುಗಳನ್ನು ಕಳಚಿ, ಬೇರೆ ಟಯರುಗಳನ್ನು ತೊಡಿಸುತ್ತಿರುವ ಚಿತ್ರವದು. ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ ತಾಯಿಯೊಬ್ಬರು, “ಓಡೂ ಗಾಡಿ ನಿಂತ್ರ ಸೋತಂಗ ಅಲ್ಲೇನ್ರಿ, ಅಕ್ಕೋರ?” ಎಂದು ನಮ್ಮನ್ನು ಕೇಳಿದರು. ಪ್ರಶ್ನೆಯು ಸರಳವಾದದ್ದು, ಆದರೆ ನಿಂತ ನಿಲುವಿನಲ್ಲಿ ತಕ್ಕ ಉತ್ತರವನ್ನು ಕೊಡುವುದು ನಮ್ಮಿಂದಾಗಲಿಲ್ಲ. ಆದಕಾರಣ ವಿಷಯವನ್ನು ಓದಿ ತಿಳಿದುಕೊಂಡು, ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಈ ಸಂಚಿಕೆಯ ಮೂಲಕ ಇಡುತ್ತಿದ್ದೇವೆ.

ಗಾಡಿಯ ಯಂತ್ರವು ಎಷ್ಟೇ ಬಲವುಳ್ಳದ್ದಾಗಿರಲಿ, ನೆಲವನ್ನು ಮುಟ್ಟುವುದು ಟಯರು ಮಾತ್ರವೇ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ವೇಗವನ್ನು ಹೆಚ್ಚಿಸುವುದು, ತಗ್ಗಿಸುವುದು, ತಿರುವಿನಲ್ಲಿ ಜಾರದೆ ನಿಲ್ಲುವುದು, ಇವೆಲ್ಲವೂ ಅಂಗೈಯಗಲದ ಆ ರಬ್ಬರಿನ ಹಿಡಿತವನ್ನೇ ಅವಲಂಬಿಸಿವೆ. ರಬ್ಬರು ಮೆತ್ತಗಾದಷ್ಟೂ ಹಿಡಿತ ಹೆಚ್ಚು. ಆದರೆ ಅಷ್ಟೇ ಬೇಗನೆ ಅದು ಸವೆದುಹೋಗುವುದು. ಗಟ್ಟಿಯಾದ ರಬ್ಬರು ಬಹುಕಾಲ ಬಾಳುವುದು. ಆದರೆ ಅದರ ಹಿಡಿತ ಕಡಿಮೆ. ಮೆತ್ತನೆಯ ಸೀಮೆಸುಣ್ಣವು ಹಲಗೆಯ ಮೇಲೆ ದಟ್ಟವಾದ ಅಕ್ಷರವನ್ನು ಮೂಡಿಸಿ ಗಳಿಗೆಯಲ್ಲಿ ಮುಗಿದುಹೋಗುವುದನ್ನೂ, ಗಟ್ಟಿಯಾದದ್ದು ಮಸುಕಾಗಿ ಬರೆದರೂ ವಾರವಿಡೀ ಬರುವುದನ್ನೂ ನಮ್ಮಲ್ಲಿ ಓದಿದವರೆಲ್ಲರೂ ಕಂಡಿದ್ದಾರೆ. ವೇಗವೂ ಬಾಳಿಕೆಯೂ ಒಂದೇ ಟಯರಿನಲ್ಲಿ ಪೂರ್ಣವಾಗಿ ದೊರೆಯಲಾರವೆಂಬುದೇ ಈ ವಿಷಯದ ಬುಡ.

ಜಗತ್ತಿನಲ್ಲಿ ಅತ್ಯುನ್ನತವೆಂದು ಎಣಿಸಲ್ಪಡುವ ಫಾರ್ಮುಲಾ 1 ಪಂದ್ಯಗಳಲ್ಲಿ 2019ರಿಂದ ಒಣ ಮಾರ್ಗಕ್ಕೆ ಮೂರು ಬಗೆಯ ಟಯರುಗಳು ಕೊಡಲ್ಪಡುತ್ತವೆ. ಬಿಳಿಯ ಗುರುತಿನದು ಗಟ್ಟಿ, ಹಳದಿಯದು ಮಧ್ಯಮ, ಕೆಂಪಿನದು ಮೆತ್ತನೆಯದು. ಮಳೆಗಾಲಕ್ಕೆ ಹಸುರು ಮತ್ತು ನೀಲಿ ಗುರುತಿನವು ಬೇರೆ ಇವೆ. ಒಣ ಮಾರ್ಗದ ಟಯರುಗಳಲ್ಲಿ ಗೀರುಗಳಿರುವುದಿಲ್ಲ. ಮಳೆಯವುಗಳಲ್ಲಿ ನೀರು ಹರಿದುಹೋಗುವುದಕ್ಕೆ ಗೀರುಗಳುಂಟು. ಇಲ್ಲಿ ಪಾಲಕರಿಗೆ ಒಂದು ಎಚ್ಚರಿಕೆಯ ಮಾತು. ಪಂದ್ಯದ ಟಯರು ನುಣುಪಾಗಿರುವುದನ್ನು ಕಂಡು, ನುಣುಪಾದ ಟಯರೇ ಉತ್ತಮವೆಂದು ಯಾರೂ ಭಾವಿಸಬಾರದು. ಅದು ಒಣ ನೆಲಕ್ಕೆಂದೇ ನುಣುಪಾಗಿ ಎರೆಯಲ್ಪಟ್ಟ ಹೊಸ ರಬ್ಬರು. ಕೊಪ್ಪಳದಿಂದ ಗಿಣಿಗೇರಾದ ಮಾರ್ಗವಾಗಿ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ಓಡುವ ವಾಹನಗಳ ಟಯರು ಸವೆದು ನುಣುಪಾದರೆ ಅದು ಮಳೆಯಲ್ಲಿ ನೀರನ್ನು ಹೊರಚೆಲ್ಲಲಾರದೆ ಜಾರುವುದು. ಕಾರಿನ ಟಯರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಬದಲಾಯಿಸತಕ್ಕದ್ದು.

ಇನ್ನು ನಿಯಮದ ಮಾತು. ಟಯರು ಬದಲಾಯಿಸುವ ಕೆಲಸವು ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ವೇಗವನ್ನು ತಗ್ಗಿಸಿ ಮಾರ್ಗದ ಪಕ್ಕದ ‘ಪಿಟ್’ ಎಂಬ ತಾಣಕ್ಕೆ ಬಂದು ಮತ್ತೆ ಹೊರಡುವಷ್ಟರಲ್ಲಿ ಅನೇಕ ಕಡೆಗಳಲ್ಲಿ ಸುಮಾರು 20 ಸೆಕೆಂಡುಗಳು ಕಳೆದುಹೋಗುತ್ತವೆ. ಹೀಗಿರಲಾಗಿ ನಿಲ್ಲದೆ ಓಡುವುದೇ ಲಾಭವಲ್ಲವೆ ಎಂದು ತೋರಬಹುದು. 2005ರಲ್ಲಿ ನಿಯಮವೇ ಹಾಗಿತ್ತು. ಒಂದೇ ಜೊತೆ ಟಯರಿನಲ್ಲಿ ಇಡೀ ಪಂದ್ಯವನ್ನು ಮುಗಿಸಬೇಕಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಕಿಮಿ ರೈಕೊನೆನ್ ಎಂಬ ಸಾರಥಿಯು ಮುಂದಾಳಾಗಿ ಓಡುತ್ತಿದ್ದಾಗ ಅವನ ಟಯರು ಒಂದು ಕಡೆ ಉಜ್ಜಿ ಚಪ್ಪಟೆಯಾಯಿತು. ಅದರ ಕಂಪನವನ್ನು ತಾಳಲಾರದೆ ಕೊನೆಯ ಸುತ್ತಿನಲ್ಲಿ ಗಾಲಿಯನ್ನು ಹಿಡಿದಿದ್ದ ಭಾಗವೇ ಮುರಿದು, ಕೈಗೆ ಬಂದ ಜಯವು ತಪ್ಪಿಹೋಯಿತು. ಮುಂದಿನ ತಿಂಗಳು ಅಮೇರಿಕೆಯ ಇಂಡಿಯಾನಾಪೊಲಿಸ್‌ನಲ್ಲಿ, ಒಂದು ತಯಾರಕರ ಟಯರುಗಳು ಅಲ್ಲಿಯ ಓರೆ ತಿರುವನ್ನು ಸುರಕ್ಷಿತವಾಗಿ ತಾಳಲಾರವೆಂದು ತಿಳಿದುಬಂದುದರಿಂದ, ಆರೇ ಗಾಡಿಗಳು ಪಂದ್ಯದಲ್ಲಿ ಓಡಿದವು. 2006ರಲ್ಲಿ ಬದಲಾವಣೆಗೆ ಮತ್ತೆ ಅನುಮತಿ ದೊರೆಯಿತು.

2007ರಿಂದ ಎಲ್ಲ ತಂಡಗಳಿಗೂ ಒಬ್ಬರೇ ತಯಾರಕರು ಟಯರು ಒದಗಿಸತೊಡಗಿದರು. ಎಲ್ಲರಲ್ಲಿಯೂ ಒಂದೇ ಟಯರು ಇರಲಾಗಿ ಪಂದ್ಯವು ಬರಿಯ ಮೆರವಣಿಗೆಯಾಗಬಾರದೆಂದು, ಒಣ ಪಂದ್ಯದಲ್ಲಿ ಪ್ರತಿಯೊಬ್ಬನೂ ಎರಡು ಬಗೆಯ ಟಯರುಗಳನ್ನು ಉಪಯೋಗಿಸಲೇಬೇಕೆಂಬ ನಿಯಮವು ಆಗ ಬಂದಿತು. ಮಳೆ ಬಂದು ಮಳೆಯ ಟಯರನ್ನು ತೊಡಿಸಿದಲ್ಲಿ ಮಾತ್ರ ಇದರಿಂದ ವಿನಾಯಿತಿ. ಒಬ್ಬನಿಗೆ ಮೆತ್ತನೆಯದೇ ಒಗ್ಗಲಿ, ಮತ್ತೊಬ್ಬನಿಗೆ ಗಟ್ಟಿಯದೇ ಒಗ್ಗಲಿ, ತನಗೆ ಒಗ್ಗದುದನ್ನೂ ಸ್ವಲ್ಪ ದೂರ ಸಹಿಸಿಕೊಂಡು ಓಡಬೇಕಾಯಿತು. ಯಾವುದನ್ನು ಮೊದಲು, ಯಾವುದನ್ನು ಆಮೇಲೆ, ಎಷ್ಟು ಸುತ್ತು ಎಂಬ ಲೆಕ್ಕವೇ ಪಂದ್ಯದ ಯುಕ್ತಿಯಾಯಿತು.

ಇದರ ಉತ್ತಮ ದೃಷ್ಟಾಂತವು ನಮ್ಮ ದೇಶದಲ್ಲಿಯೇ ದೊರೆಯುತ್ತದೆ. ದೆಹಲಿಯ ಸಮೀಪದ ಗ್ರೇಟರ್ ನೊಯ್ಡಾದ ಬುದ್ಧ ಪಂದ್ಯಮಾರ್ಗದಲ್ಲಿ 2011, 2012 ಮತ್ತು 2013ರಲ್ಲಿ ಫಾರ್ಮುಲಾ 1 ಪಂದ್ಯಗಳು ನಡೆದವು. 2013ರ ಅಕ್ಟೋಬರ್ 27ರ ಪಂದ್ಯವು 60 ಸುತ್ತುಗಳದ್ದು; ಒಂದು ಸುತ್ತಿಗೆ 5.125 ಕಿಲೋಮೀಟರು. ಮೆತ್ತನೆಯ ಟಯರು ಅಲ್ಲಿ ಬಹುಬೇಗನೆ ಕೆಡುವುದೆಂದು ಎಲ್ಲರೂ ಬಲ್ಲರು. ಆದರೆ ಹಿಂದಿನ ದಿನದ ಅರ್ಹತಾ ಪರೀಕ್ಷೆಯ ಕೊನೆಯ ಹಂತಕ್ಕೆ ಬಂದ ಹತ್ತು ಮಂದಿ, ಅಲ್ಲಿ ತಮ್ಮ ಶ್ರೇಷ್ಠ ವೇಳೆಯನ್ನು ಸಾಧಿಸಿದ ಟಯರಿನಿಂದಲೇ ಪಂದ್ಯವನ್ನು ಆರಂಭಿಸಬೇಕೆಂದು ಆಗಿನ ನಿಯಮ. ಜರ್ಮನಿಯ ಸೆಬಾಸ್ಟಿಯನ್ ವೆಟೆಲನು ಮೆತ್ತನೆಯದನ್ನು ತೊಡಿಸಿ ಮೊದಲ ಸ್ಥಾನವನ್ನು ಪಡೆದನು. ಅವನ ತಂಡದವನೇ ಆದ ಮಾರ್ಕ್ ವೆಬರನು ಮಧ್ಯಮ ಟಯರನ್ನು ಆರಿಸಿ ನಾಲ್ಕನೆಯ ಸ್ಥಾನದಲ್ಲಿ ತೃಪ್ತನಾದನು. ಒಂದೇ ಮನೆಯವರು ಎರಡು ದಾರಿ ಹಿಡಿದಂತಾಯಿತು.

ಮರುದಿನ ವೆಟೆಲನು ಎರಡನೆಯ ಸುತ್ತಿನ ಕೊನೆಯಲ್ಲಿಯೇ ಗಾಡಿಯನ್ನು ನಿಲ್ಲಿಸಿ ಮಧ್ಯಮ ಟಯರನ್ನು ತೊಡಿಸಿಕೊಂಡನು. ಮುಂದಾಳಾಗಿದ್ದವನು ಒಮ್ಮೆಗೇ ಬಹಳ ಹಿಂದೆ ಬಿದ್ದನು. ಆದರೆ ಕಡ್ಡಾಯವಾದ ಮೆತ್ತನೆಯ ಟಯರಿನ ಋಣವು ಎರಡೇ ಸುತ್ತುಗಳಲ್ಲಿ ತೀರಿಹೋಗಿತ್ತು. ಉಳಿದ 58 ಸುತ್ತುಗಳಿಗೆ ಬಾಳಿಕೆಯ ಟಯರು ಅವನ ಪಾಲಿಗಿತ್ತು. ಒಬ್ಬೊಬ್ಬರನ್ನೇ ದಾಟಿ ಬಂದು, ಎರಡನೆಯವನಿಗಿಂತ ಸುಮಾರು 30 ಸೆಕೆಂಡು ಮುಂದಾಗಿ ಗೆದ್ದು, ಆ ದಿನವೇ ನಾಲ್ಕನೆಯ ಬಾರಿ ವಿಶ್ವವಿಜೇತನಾದನು. ವೆಬರನ ಯುಕ್ತಿಯೂ ಕೆಟ್ಟದ್ದಾಗಿರಲಿಲ್ಲ. ಆದರೆ ನಡುವೆ ಅವನ ಗಾಡಿಯ ವಿದ್ಯುದ್ಯಂತ್ರವು ಕೆಟ್ಟುಹೋಯಿತು. ಹದಿನೇಳನೆಯವನಾಗಿ ಹೊರಟ ಫ್ರಾನ್ಸಿನ ರೊಮೇನ್ ಗ್ರೋಜಾನನು ಒಂದೇ ಸಾರಿ ನಿಂತು, ಟಯರನ್ನು ಜೋಪಾನವಾಗಿ ಕಾಪಾಡಿಕೊಂಡು, ಮೂರನೆಯವನಾಗಿ ಮುಗಿಸಿದನು. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಮುಖ್ಯಸ್ಥರಾಗಿದ್ದ ಫೋರ್ಸ್ ಇಂಡಿಯಾ ತಂಡದವರು ತಮ್ಮ ಇಬ್ಬರು ಸಾರಥಿಗಳಲ್ಲಿ ಒಬ್ಬನನ್ನು ಮೊದಲ ಸುತ್ತಿನ ಕೊನೆಯಲ್ಲಿಯೇ ನಿಲ್ಲಿಸಿದರು. ಇನ್ನೊಬ್ಬನನ್ನು ಮಧ್ಯಮ ಟಯರಿನಲ್ಲಿ ಬಹುದೂರ ಓಡಿಸಿದರು. ಮಾರ್ಗ ಬೇರೆಯಾದರೂ ಇಬ್ಬರೂ ಎಂಟನೆಯ ಮತ್ತು ಒಂಭತ್ತನೆಯ ಸ್ಥಾನಗಳಲ್ಲಿ ಅಕ್ಕಪಕ್ಕವಾಗಿ ಬಂದರು.

ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿಯವರು 2025ರ ಮೇ ತಿಂಗಳಲ್ಲಿ ಮೊನಾಕೋದ ಶನಿವಾರದ ಕಿರುಪಂದ್ಯವನ್ನು ಗೆದ್ದು, ಅಲ್ಲಿ ಆ ಶ್ರೇಣಿಯಲ್ಲಿ ಜಯಗಳಿಸಿದ ಮೊದಲ ಭಾರತೀಯರೆನಿಸಿದರು. ಆ ಶ್ರೇಣಿಯ ಕಿರುಪಂದ್ಯದಲ್ಲಿ ನಿಲ್ಲುವ ಕಡ್ಡಾಯವಿಲ್ಲ. ಭಾನುವಾರದ ಮುಖ್ಯ ಪಂದ್ಯದಲ್ಲಿ ಟಯರನ್ನು ಬದಲಾಯಿಸಲೇಬೇಕು. ಒಂದೇ ಗಾಡಿ, ಒಬ್ಬನೇ ಸಾರಥಿ. ಆದರೂ ನಿಯಮವು ಬೇರೆಯಾದ ಕಾರಣ ಎರಡು ದಿನಗಳಲ್ಲಿ ಎರಡು ಬಗೆಯ ಜಾಣತನ ಬೇಕಾಗುವುದು.

ನಿಯಮವು ಯಾವಾಗಲೂ ಎಣಿಸಿದ ಫಲವನ್ನೇ ಕೊಡುವುದೆಂದಲ್ಲ. ಮೊನಾಕೋದ ಬೀದಿಗಳು ಇಕ್ಕಟ್ಟಾದವು. ಅಲ್ಲಿ ಒಬ್ಬರನ್ನೊಬ್ಬರು ದಾಟುವುದು ದುಸ್ತರ. ಅದೇ ಭಾನುವಾರದ ಫಾರ್ಮುಲಾ 1 ಪಂದ್ಯದಲ್ಲಿ ಪ್ರತಿಯೊಬ್ಬನೂ ಮೂರು ಜೊತೆ ಟಯರುಗಳನ್ನು ಉಪಯೋಗಿಸಬೇಕೆಂದು ವಿಧಿಸಲಾಯಿತು. ಆಗ ಕೆಲವು ತಂಡಗಳವರು ಒಬ್ಬ ಸಾರಥಿಯನ್ನು ಬೇಕೆಂದೇ ನಿಧಾನವಾಗಿ ಓಡಿಸಿ, ಹಿಂದಿನವರನ್ನೆಲ್ಲ ತಡೆದು, ತಮ್ಮ ಇನ್ನೊಬ್ಬನಿಗೆ ನಿಂತುಹೋಗಲು ಬಿಡುವು ಮಾಡಿಕೊಟ್ಟರು. ನಿಯಮದ ಅಕ್ಷರವು ನೆರವೇರಿತು. ಅದರ ಉದ್ದೇಶವು ನೆರವೇರಲಿಲ್ಲ.

ಇನ್ನೊಂದು ದೃಷ್ಟಾಂತವನ್ನು ನಮ್ಮ ಗಣಿತದ ತರಗತಿಗಳಿಗೆ ಒಪ್ಪಿಸುತ್ತೇವೆ. 2025ರ ನವೆಂಬರ್ 30ರಂದು ಕತಾರಿನಲ್ಲಿ 57 ಸುತ್ತುಗಳ ಪಂದ್ಯ ನಡೆಯಿತು. ಸುರಕ್ಷತೆಯ ನಿಮಿತ್ತ ಒಂದು ಜೊತೆ ಟಯರಿನಲ್ಲಿ 25 ಸುತ್ತುಗಳಿಗಿಂತ ಹೆಚ್ಚು ಓಡಬಾರದೆಂದು ನಿಯಮ ಮಾಡಲ್ಪಟ್ಟಿತ್ತು. ಏಳನೆಯ ಸುತ್ತಿನಲ್ಲಿ ಅಪಘಾತವಾಗಿ, ಎಲ್ಲರೂ ನಿಧಾನವಾಗಿ ಹೋಗಬೇಕಾಯಿತು. ಎಲ್ಲರೂ ನಿಧಾನವಾಗಿರುವಾಗ ನಿಂತರೆ ನಷ್ಟವು ಕಡಿಮೆ. ಅಲ್ಲದೆ 57ರಲ್ಲಿ 7 ಕಳೆದರೆ 50. ಅದು ಸರಿಯಾಗಿ 25ರ ಎರಡು ಪಾಲು. ಬಹುತೇಕ ಎಲ್ಲರೂ ಆಗಲೇ ಟಯರು ಬದಲಾಯಿಸಿದರು. ಮುಂದಿದ್ದ ಮೆಕ್ಲಾರೆನ್ ತಂಡದವರು ಮಾತ್ರ ತಮ್ಮ ಇಬ್ಬರನ್ನೂ ನಿಲ್ಲಿಸದೆ ಓಡಿಸಿದರು. ಆ ಗಳಿಗೆಯಲ್ಲಿ ಅವರೇ ಮುಂದೆ ಇದ್ದರು. ಆದರೆ ಎರಡು ನಿಲುಗಡೆಗಳೂ ಅವರಿಗೆ ಬಾಕಿಯಾಗಿ ಉಳಿದವು. ಪೂರ್ಣ ವೇಗದ ಹೊತ್ತಿನಲ್ಲಿ ಅವನ್ನು ತೀರಿಸಬೇಕಾಗಿ ಬಂದು, ಸಕಾಲದಲ್ಲಿ ನಿಂತಿದ್ದ ಮ್ಯಾಕ್ಸ್ ವರ್ಸ್ಟಾಪನನು ಗೆದ್ದನು. ಮೆಕ್ಲಾರೆನ್ನಿನವರು ಎರಡನೆಯವರೂ ನಾಲ್ಕನೆಯವರೂ ಆದರು.

ಆ ತಾಯಿಯವರಿಗೆ ಅಂದು ಕೊಡಲಾರದ ಉತ್ತರ ಇದೇ. ಓಡುವ ಗಾಡಿ ನಿಂತ ಮಾತ್ರಕ್ಕೆ ಸೋಲಲ್ಲ. ನಿಂತಾಗ ಕಳೆದುಹೋಗುವ 20 ಸೆಕೆಂಡುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ; ಸವೆದ ಟಯರಿನಲ್ಲಿ ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುವ ವೇಳೆಯು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯದಕ್ಕಿಂತ ಹೊಸ ಟಯರು ಸುತ್ತಿಗೆ ಎರಡು ಸೆಕೆಂಡು ಬೇಗನೆ ಓಡಿದರೆ, ಹತ್ತೇ ಸುತ್ತುಗಳಲ್ಲಿ ನಿಂತ ಸಾಲವು ತೀರಿ, ಉಳಿದದ್ದೆಲ್ಲವೂ ಗಳಿಕೆಯಾಗುವುದು.

ಆ ತಾಯಿಯವರು ಅಂದು ಬಂದಿದ್ದುದು ಪ್ರದರ್ಶನವನ್ನು ನೋಡುವುದಕ್ಕಲ್ಲ. ಹತ್ತನೆಯ ತರಗತಿಯನ್ನು ಮುಗಿಸಿದ ಹಿರಿಯ ಮಗಳ ವರ್ಗಾವಣೆ ಪತ್ರವನ್ನು ಕೇಳುವುದಕ್ಕೆ. ಮುಂದೆ ಓದಿಸುವ ವಿಚಾರವುಂಟೇ ಎಂದರೆ, “ಇನ್ನೆರಡು ವರ್ಷ ಸುಮ್ನ ಹೋಗ್ತಾವಲ್ರಿ” ಎಂದರು. ಮನೆಯ ಕಷ್ಟವನ್ನು ಬಲ್ಲವರಾದುದರಿಂದ ಅವರನ್ನು ನಾವು ದೂರಲಾರೆವು. ಹುಡುಗಿಯರ ಬಾಳು ನೆರೆಯವರೊಡನೆ ಹೂಡಿದ ಪಂದ್ಯವೂ ಅಲ್ಲ. ಆದರೂ ಹದಿನಾರನೆಯ ವಯಸ್ಸಿನಲ್ಲಿ ಪುಸ್ತಕದ ಮುಂದೆ ಕುಳಿತ ಎರಡು ವರ್ಷಗಳು ಕಣ್ಣಿಗೆ ಬೀಳುವ ನಷ್ಟವೆಂದು ತೋರುವುವು. ಓದು ನಿಂತವಳು ಮುಂದಿನ ನಲವತ್ತು ವರ್ಷಗಳಲ್ಲಿ ದಿನದಿನವೂ ಕಳೆದುಕೊಳ್ಳುವುದನ್ನು ಯಾರೂ ಲೆಕ್ಕವಿಡುವುದಿಲ್ಲ. ನಮ್ಮಲ್ಲಿ ಓದಿ, ಮುಂದೆ ದಾದಿಯರೂ ಶಿಕ್ಷಕಿಯರೂ ಲೆಕ್ಕಪತ್ರದವರೂ ಆಗಿರುವ ಪೂರ್ವ ವಿದ್ಯಾರ್ಥಿನಿಯರು ಈ ಮಾತಿಗೆ ಸಾಕ್ಷಿಗಳು. ತಮ್ಮ ತಮ್ಮ ಓಣಿಗಳಲ್ಲಿ ಇಂಥ ತಾಯಂದಿರನ್ನು ಕಂಡು, ಪಕ್ಕದಲ್ಲಿ ಕುಳಿತು, ಸಮಾಧಾನದಿಂದ ಈ ಲೆಕ್ಕವನ್ನು ಹೇಳಿಕೊಡಬೇಕೆಂದು ಅವರನ್ನು ಬೇಡಿಕೊಳ್ಳುತ್ತೇವೆ.

ವರ್ಗಾವಣೆ ಪತ್ರವನ್ನು ನಾವು ಬರೆದಿದ್ದೇವೆ. ಅದು ಇನ್ನೂ ನಮ್ಮ ಕಚೇರಿಯಲ್ಲಿದೆ. ಆ ತಾಯಿಯವರು ಅದನ್ನು ಕಾಲೇಜಿಗೆ ಸೇರಿಸುವುದಕ್ಕಾಗಿಯೇ ಒಯ್ಯುವಂತೆ ದೇವರು ಅವರ ಮನಸ್ಸನ್ನು ಪ್ರೇರಿಸಲೆಂಬುದು ನಮ್ಮ ಪ್ರಾರ್ಥನೆ.