ಕನ್ನಡ ಕಚೇರಿ ಕೆಲಸದಲ್ಲಿ ಮುಕ್ತ ತಂತ್ರಾಂಶ

ಮುಕ್ತ ತಂತ್ರಾಂಶ ಎಂದರೆ ಯಾರು ಬೇಕಾದರೂ ಬಳಸಲು, ಅದರ ಆಕರ ಸಂಕೇತವನ್ನು ಓದಲು, ತಿದ್ದಲು ಮತ್ತು ಹಂಚಲು ಪರವಾನಗಿ ಇರುವ ತಂತ್ರಾಂಶ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಹಾಗೂ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಲಿನಕ್ಸ್ ಕರ್ನಲ್ ಸೇರಿ ರೂಪುಗೊಂಡ ಗ್ನೂ/ಲಿನಕ್ಸ್ ಈ ಬಗೆಯ ಪ್ರಮುಖ ಕಾರ್ಯಾಚರಣ ವ್ಯವಸ್ಥೆಯಾಗಿದೆ. ಪತ್ರ, ಕೋಷ್ಟಕ, ಪ್ರಾತ್ಯಕ್ಷಿಕೆಗಳ ತಯಾರಿಕೆಗೆ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್ ಹೆಚ್ಚು ಬಳಕೆಯಲ್ಲಿದೆ. ದಿನನಿತ್ಯದ ಗಂಭೀರ ಕೆಲಸಕ್ಕೆ ಇವು ಸಾಲುತ್ತವೆಯೇ ಎಂಬ ಪ್ರಶ್ನೆಗೆ ಕನ್ನಡದ ಮಟ್ಟಿಗೆ ಉತ್ತರವು ತಂತ್ರಾಂಶಕ್ಕಿಂತ ಹೆಚ್ಚಾಗಿ ಹಳೆಯ ಕಡತಗಳನ್ನು ಅವಲಂಬಿಸಿದೆ.

ಬಳಕೆಯ ನಿದರ್ಶನ

ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಅಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಗ್ನೂ/ಲಿನಕ್ಸ್‌ಗೆ ಬದಲಾದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದರಲ್ಲಿ ಸೇರಿವೆ. ಹತ್ತನೆಯ ತರಗತಿಯ ಗಣಕ ಪ್ರಾಯೋಗಿಕ ಪರೀಕ್ಷೆಯೂ ಇದೇ ವ್ಯವಸ್ಥೆಯಲ್ಲಿ ನಡೆಯುತ್ತದೆ. ಮುಕ್ತ ತಂತ್ರಾಂಶವು ಕೇವಲ ಪರಿಣತರ ಹವ್ಯಾಸವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಪ್ರತ್ಯುತ್ತರ ಬೇಕಿಲ್ಲ.

ಹಳೆಯ ಕಡತಗಳ ತೊಡಕು

ಕರ್ನಾಟಕದ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬೇರೂರಿತು. ಅದು ಉಚಿತವಾಗಿತ್ತು; ಆದರೆ ಉಚಿತವಾದುದೆಲ್ಲ ಮುಕ್ತವಲ್ಲ. ಅದರ ಹಳೆಯ ಫಾಂಟುಗಳು ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಈ ತೊಡಕು ವಿಂಡೋಸ್‌ನಲ್ಲೂ ಇದ್ದೇ ಇದೆ; ಗ್ನೂ/ಲಿನಕ್ಸ್‌ಗೆ ಬದಲಾದ ದಿನ ಅದು ಬಯಲಾಗುತ್ತದೆ, ದೂರು ಮಾತ್ರ ಹೊಸ ವ್ಯವಸ್ಥೆಯ ಮೇಲೆ ಬೀಳುತ್ತದೆ.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ಪಠ್ಯವು ಯಾವುದೇ ಫಾಂಟಿನಲ್ಲಿ ಓದಲು ಬರುತ್ತದೆ. ಹುಡುಕಾಟವೂ ಅಕಾರಾದಿ ಜೋಡಣೆಯೂ ಸರಿಯಾಗಿ ನಡೆಯುತ್ತವೆ. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಲಭ್ಯವಿವೆ. ಹಳೆಯ ಸಂಕೇತನದಲ್ಲಿ ವ್ಯಂಜನದ ನಂತರ ಬರುವ ಅರ್ಕಾವತ್ತು ಯೂನಿಕೋಡ್‌ನಲ್ಲಿ ಅದಕ್ಕೆ ಮೊದಲು ಬರಬೇಕು. ಆದ್ದರಿಂದ ‘ಕಾರ್ಯ’, ‘ಅರ್ಜಿ’ಯಂತಹ ಪದಗಳನ್ನು ಪರಿವರ್ತನೆಯ ಬಳಿಕ ಒಮ್ಮೆ ಕಣ್ಣಾಡಿಸಿ ನೋಡುವುದು ಅಗತ್ಯ.

ಬೆರಳಚ್ಚಿನ ಅಭ್ಯಾಸವನ್ನು ಬದಲಿಸಬೇಕಿಲ್ಲ. ನುಡಿಯಲ್ಲಿ ಬಳಸುತ್ತಿದ್ದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯು ಐಬಸ್ ಮತ್ತು ಎಂ17ಎನ್ ಮೂಲಕ ಗ್ನೂ/ಲಿನಕ್ಸ್‌ನಲ್ಲೂ ದೊರೆಯುತ್ತದೆ. ಲೋಹಿತ್, ನವಿಲು, ಗುಬ್ಬಿ, ನೋಟೊ ಮುಂತಾದ ಮುಕ್ತ ಫಾಂಟುಗಳಿವೆ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ವ್ಯವಸ್ಥೆಗಳಲ್ಲೂ ಹಾರ್ಫ್‌ಬಜ್ ಎಂಬ ಒಂದೇ ಅಕ್ಷರಜೋಡಣೆ ಸಾಧನವನ್ನು ಬಳಸುತ್ತಿದೆ.

ಮಿತಿಗಳು

ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದಂತಹ ಕಡೆ ಸಣ್ಣ ಘಟಕವೊಂದು ಬದಲಾಗಬೇಕೆಂದರೆ ಮೊದಲು ನೋಡಬೇಕಾದುದು ಪತ್ರವ್ಯವಹಾರವನ್ನಲ್ಲ, ಲೆಕ್ಕಪತ್ರವನ್ನು. ಬೆಂಗಳೂರು ಮೂಲದ ಟ್ಯಾಲಿ ತಂತ್ರಾಂಶವನ್ನು ವಿಂಡೋಸ್‌ಗಾಗಿ ರೂಪಿಸಲಾಗಿದೆ. ಲೆಕ್ಕಿಗರು ಟ್ಯಾಲಿಯಲ್ಲೇ ಕಡತ ಕೇಳುವವರೆಗೆ ಒಂದು ಗಣಕವನ್ನಾದರೂ ವಿಂಡೋಸ್‌ನಲ್ಲಿ ಉಳಿಸಿಕೊಳ್ಳುವುದೇ ವಿವೇಕ. ಎಕ್ಸೆಲ್‌ನಲ್ಲಿ ಬರೆದ ಮ್ಯಾಕ್ರೋಗಳು ಲಿಬ್ರೆಆಫೀಸ್‌ನಲ್ಲಿ ಭಾಗಶಃ ಮಾತ್ರ ಕೆಲಸ ಮಾಡುತ್ತವೆ. ವರ್ಡ್ ಕಡತಗಳಲ್ಲಿ ಪುಟವಿನ್ಯಾಸ ಕದಲುವುದಕ್ಕೆ ಅನೇಕ ವೇಳೆ ಫಾಂಟ್ ಇಲ್ಲದಿರುವುದೇ ಕಾರಣ. ಕ್ಯಾಲಿಬ್ರಿಯಷ್ಟೇ ಅಗಲದ ಅಕ್ಷರಗಳಿರುವ ಕಾರ್ಲಿಟೊ ಫಾಂಟನ್ನು ಅಳವಡಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಹಳೆಯ ಮುದ್ರಕಗಳು ಮತ್ತು ಡಿಜಿಟಲ್ ಸಹಿಯ ಟೋಕನ್‌ಗಳಿಗೆ ಚಾಲಕ ತಂತ್ರಾಂಶ ಇದೆಯೇ ಎಂಬುದನ್ನು ಪೆನ್‌ಡ್ರೈವ್‌ನಿಂದ ಗ್ನೂ/ಲಿನಕ್ಸ್ ಚಲಾಯಿಸಿ, ವಿಂಡೋಸ್ ಅಳಿಸುವ ಮೊದಲೇ ಪರೀಕ್ಷಿಸಬಹುದು.