ಕರಿ ಒಂದು, ಬಿಳಿ ನಾಲ್ಕು

‘ಯಾವ ಪಟ್ಟಿರೀ?’

‘ಕರಿ ಒಂದು.’

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಭಜನೆಯಿರಲಿ, ನಾಟಕದ ತಾಲೀಮಿರಲಿ, ಪೇಟಿ (ಹಾರ್ಮೋನಿಯಂ) ಮಾಸ್ತರರಿಗೂ ಹಾಡುವವರಿಗೂ ನಡುವೆ ಮೊದಲು ಇತ್ಯರ್ಥವಾಗಬೇಕಾದ ಮಾತು ಇದು: ಹಾಡಿನ ಶ್ರುತಿ ಎಲ್ಲಿ? ಕಿವಿಗಷ್ಟೇ ದಕ್ಕುವ ಸ್ವರಕ್ಕೆ ಈ ಕರಿ-ಬಿಳಿ ಅಂಟಿಕೊಂಡಿದ್ದು ಹೇಗೆ?

ಸ್ವರಕ್ಕೆ ಬಣ್ಣ ಹಚ್ಚುವ ಹಂಬಲ ಹಳೆಯದು. ಭರತನ ನಾಟ್ಯಶಾಸ್ತ್ರ ರಸಗಳಿಗೇ ಬಣ್ಣ ಹಂಚಿತ್ತು: ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಸಪ್ತಸ್ವರಗಳಿಗೂ ಬಣ್ಣ ಹೇಳಿದ. ಷಡ್ಜ ತಾವರೆಯ ಬಣ್ಣದ್ದು, ಗಾಂಧಾರ ಚಿನ್ನದ್ದು, ಪಂಚಮ ಕಪ್ಪು, ಧೈವತ ಹಳದಿ. ಈ ಸೀಮೆಯ ಗದುಗಿಗೂ ಆಗ ಸೇವುಣರದೇ ಆಳ್ವಿಕೆ. ಅಲ್ಲಿನ ತ್ರಿಕೂಟೇಶ್ವರನಿಗೆ ಅರಸ ಭಿಲ್ಲಮ ದತ್ತಿ ಬಿಟ್ಟ 1191ರ ಶಾಸನವೇ ಇದೆ. ಆದರೂ ‘ಹಳದಿ ಹಚ್ಚಿ ಹಾಡು’ ಎಂದು ಯಾವ ಗವಾಯಿಯೂ ಶಿಷ್ಯನಿಗೆ ಹೇಳುವುದಿಲ್ಲ. ಆ ಬಣ್ಣಗಳು ಗ್ರಂಥ ಬಿಟ್ಟು ಗಂಟಲಿಗೆ ಇಳಿಯಲಿಲ್ಲ.

ಇಳಿದ ಬಣ್ಣ ಬಂದಿದ್ದು ಹಡಗಿನಲ್ಲಿ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಾಲಿನಿಂದ ತುಳಿಯುವ ಆ ವಾದ್ಯವನ್ನು ನೆಲಕ್ಕೆ ಕುಳಿತು ಕೈಯಿಂದ ಗಾಳಿ ಹಾಕುವ ಪೇಟಿಯಾಗಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅದು 1875ರ ಸುಮಾರು. ನಾಟಕ ಕಂಪನಿಗಳು ಪೇಟಿಯನ್ನು ಊರೂರಿಗೆ ಹೊತ್ತವು. ಒಂದು ಸಪ್ತಕಕ್ಕೆ ಏಳು ಬಿಳಿ, ಐದು ಕರಿ ಮನೆ (ಕೀಲಿ). ಎಡದಿಂದ ಎಣಿಸಿದರೆ ‘ಬಿಳಿ ಒಂದು’, ಅದರ ಪಕ್ಕದ್ದು ‘ಕರಿ ಒಂದು’. ಷಡ್ಜ ಎಲ್ಲಿ ಹಿಡಿಯಬೇಕೆಂಬುದಕ್ಕೆ ಸಲೀಸಾದ ವಿಳಾಸ ಸಿಕ್ಕಿತು. ಗಂಡಸರು ಹೆಚ್ಚಾಗಿ ಕರಿ ಒಂದರ ಆಸುಪಾಸು, ಹೆಂಗಸರು ಕರಿ ನಾಲ್ಕು, ಕರಿ ಐದರ ಕಡೆ. ಹಾಗೆಂದು ಕಪ್ಪಿಗೂ ಆ ನಾದಕ್ಕೂ ನಂಟೇನಿಲ್ಲ. ಫ್ರಾನ್ಸಿನ ಹಳೆಯ ಕೀಲಿಮಣೆ ವಾದ್ಯಗಳಾದ ಹಾರ್ಪ್ಸಿಕಾರ್ಡ್‌ಗಳಲ್ಲಿ ಈ ಬಣ್ಣಗಳು ಅದಲುಬದಲಾಗಿದ್ದವು.

ಈ ಕರಿ-ಬಿಳಿ ಭಾಷೆಯ ನಿಜವಾದ ಪರೀಕ್ಷೆ ನಡೆದದ್ದು ಗದುಗಿನಲ್ಲಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟಿತು. ಮುಂದೆ ಗವಾಯಿಗಳಾದ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಸೋದರಮಾವನ ಹಾರ್ಮೋನಿಯಂ ಮೇಲೆ ಕೈಯಾಡಿಸುತ್ತಿದ್ದುದನ್ನು ಕಂಡೇ ಆ ಮಾವ ಅವರನ್ನು ಇಲ್ಲಿಗೆ ತಂದು ಬಿಟ್ಟರು. ಬಣ್ಣವನ್ನೇ ಕಾಣದವರು ‘ಕರಿ ಎರಡು’ ಹುಡುಕುವುದೆಂತು? ಬೆರಳಿನಿಂದ. ಕರಿ ಮನೆಗಳು ಎತ್ತರ, ಕಿರಿದು. ಎರಡರದೊಂದು ಗುಂಪು, ಮೂರರದೊಂದು ಗುಂಪು. ಎರಡರ ಗುಂಪಿನ ಎಡಗಡೆ ಬೆರಳು ಜಾರಿದರೆ ಬಿಳಿ ಒಂದು. ಮೂರರ ಗುಂಪಿನ ಎಡಕ್ಕೆ ಬಿಳಿ ನಾಲ್ಕು. ಇಲ್ಲಿ ಕರಿ ಎಂದರೆ ಉಬ್ಬು, ಬಿಳಿ ಎಂದರೆ ಸಪಾಟು.

ಸ್ವರದಿಂದ ಸ್ವರಕ್ಕೆ ಮೀಂಡ್ ಎಳೆಯಲು ಪೇಟಿಗೆ ಬಾರದು, ಸೂಕ್ಷ್ಮ ಶ್ರುತಿಗಳು ಅದಕ್ಕೆ ದಕ್ಕವು ಎಂಬ ತಕರಾರು ಇದ್ದೇ ಇತ್ತು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು; ನಿರ್ಬಂಧ ಸಡಿಲಾಗಲು 1971 ಬರಬೇಕಾಯಿತು. ಪೇಟಿ ಹೊರಗಿದ್ದರೂ ಅದರ ಭಾಷೆ ಒಳಗೇ ಇತ್ತು: ತಂಬೂರಿ ಶ್ರುತಿ ಮಾಡುವವರೂ ‘ಕರಿ ಒಂದು’ ಎಂದೇ ಹೇಳಿದರು.

ಶಾಸ್ತ್ರಕಾರರು ಕಣ್ಣಿಗೆ ಒಪ್ಪುವ ಬಣ್ಣ ಕೊಟ್ಟರು, ಪೇಟಿ ಕೈಗೆ ಸಿಗುವ ಬಣ್ಣ ಕೊಟ್ಟಿತು. ಬಾಳಿದ್ದು ಎರಡನೆಯದು. ಮನೆಯಲ್ಲಿ ಪೇಟಿಯಿದ್ದರೆ ಕಣ್ಣು ಮುಚ್ಚಿ ‘ಕರಿ ಮೂರು’ ಹುಡುಕಿ ನೋಡಿ.